ಖಾಲಿ ಪಿಕಪ್ಪಿನಲ್ಲಿ ಒಮಾನಿನ ಬೆಟ್ಟಕ್ಕೆ

ಹೊರಡುವ ಮೊದಲು

ಹೆಬ್ಬಾಳದ ಕೆರೆ ಏರಿಯ ಮೇಲೆ ಬಸ್ಸು ಕೊಂಚ ವಾಲಿದರೂ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುವವಳು ನಾನು. ಪಕ್ಕದವರು ನಕ್ಕರೆ ನಗಲಿ ಎಂದು ಬಿಟ್ಟಿದ್ದೇನೆ. ಇಂಥವಳು ಎಂಬತ್ತರ ದಶಕದ ಒಂದು ದಸರಾ ರಜೆಯಲ್ಲಿ ಸಮುದ್ರ ದಾಟಿ ಒಮಾನಿಗೆ ಹೋದೆ, ಅಲ್ಲಿನ ಬೋಳು ಬೆಟ್ಟದ ಅಂಚಿನಲ್ಲಿ ಪಿಕಪ್ ಗಾಡಿಯ ಹಿಂದೆ ಕೂತು ಬಂದೆ ಎಂದರೆ ನಾನು ಪಾಠ ಮಾಡಿದ ಶಾಲೆಯ ಟೀಚರುಗಳು ಈಗಲೂ ನಂಬುವುದಿಲ್ಲ. ಅವರ ಮೇಲೆ ನನಗೇನೂ ಬೇಸರವಿಲ್ಲ.

ನಮ್ಮ ಯಜಮಾನರು ಯಶವಂತಪುರದ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಒಮಾನಿನ ಒಳನಾಡಿನಲ್ಲಿ ಹಳ್ಳಿಯ ಬಾವಿಗಳಿಗೆ ಕೂರಿಸಿದ ಡೀಸೆಲ್ ಪಂಪುಗಳನ್ನು ರಿಪೇರಿ ಮಾಡುವ ಕಂಪನಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು, ಅತ್ತೆ ಮತ್ತು ಮಗಳು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿದ್ದೆವು. ಸಹಕಾರನಗರದಲ್ಲಿ ನಮ್ಮದೊಂದು ಸೈಟು ಹುಲ್ಲು ಬೆಳೆಸಿಕೊಂಡು ಬಿದ್ದಿತ್ತು. ಭಾನುವಾರ ಅತ್ತೆ ಅಲ್ಲಿಗೆ ಹೋಗಿ, ಅಡುಗೆಮನೆ ಇಲ್ಲಿ, ದೇವರ ಕೋಣೆ ಅಲ್ಲಿ ಎಂದು ಕಾಲಿನಲ್ಲೇ ಗೆರೆ ಎಳೆದು ಬರುತ್ತಿದ್ದರು.

ಇವರ ಒಪ್ಪಂದ ಮುಗಿಯುವ ಹೊತ್ತಿಗೆ ಕಂಪನಿ ಹೊಸ ಮಾತು ಶುರುಮಾಡಿತು. ಮತ್ತೆರಡು ವರ್ಷ ಇರಬೇಕಾದರೆ ಬೆಟ್ಟದ ಕಡೆಯ ಹಳ್ಳಿಗಳನ್ನೂ ಇವರೇ ನೋಡಿಕೊಳ್ಳಬೇಕು. ಕೊಟ್ಟಿರುವ ಪಿಕಪ್ಪು ಯಾವ ದಾರಿಯಲ್ಲಿ ಹೋಗುತ್ತದೆ, ಯಾವುದರಲ್ಲಿ ಹೋಗುವುದಿಲ್ಲ ಎಂದು ಓಡಿಸಿ ನೋಡಿ ಬಂದು ಹೇಳಬೇಕು. ಹೋಗುತ್ತದೆ ಎಂದರೆ ಕೆಲಸ ಉಳಿಯಿತು, ಸೈಟಿನ ಮೇಲೆ ಮನೆ ಏಳುತ್ತದೆ. ಇಲ್ಲವೆಂದರೆ ವಾಪಸು ಯಶವಂತಪುರ.

ಇವರು ನಮ್ಮ ಪಕ್ಕದ ಮನೆಯ ಫೋನಿಗೆ ಟ್ರಂಕ್ ಕಾಲ್ ಮಾಡಿದರು. "ನೀನೇ ಒಂದ್ಸಲ ಬಂದು ನೋಡು ಲಲಿತಾ. ದಾರಿ ನೋಡಿ, ಬೇಡ ಅಂದ್ರೆ ಬೇಡ. ಆಮೇಲೆ ನನ್ನ ಕೇಳಿದ್ರಾ ಅನ್ಬಾರದು" ಎಂದರು.

ಬೇಡ ಎನ್ನಲೆಂದೇ ನಾನು ಹೊರಟೆ. ಆ ಮಾತನ್ನು ಮನಸ್ಸಿನಲ್ಲೇ ಗಂಟು ಕಟ್ಟಿಕೊಂಡಿದ್ದೆ. ಆದರೆ ವಿಮಾನ ಮೇಲೇರುವಾಗ ಅತ್ತೆ ಎಳೆದ ಆ ಗೆರೆಗಳೂ ಕಣ್ಣಿಗೆ ಕಟ್ಟಿದವು.

ಗಾಡಿಯ ಮುಂದೆ

ಹೊಸದಾಗಿ ಹುಟ್ಟಿದ ಕೂಸನ್ನು ತೋರಿಸುವವರ ಹಾಗೆ ಇವರು ನನಗೆ ಮೊದಲು ತೋರಿಸಿದ್ದು ಗಾಡಿಯನ್ನು. ಊಟ, ಸ್ನಾನ ಎಲ್ಲ ಆಮೇಲೆ. ಮಾಮೂಲಿ ಜಪಾನಿ ಪಿಕಪ್ಪು. ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ನಾಲ್ಕೂ ಚಕ್ರ ತಿರುಗುವ ದೊಡ್ಡ ಗಾಡಿಗಳು ಕಂಪನಿಯಲ್ಲಿ ಇದ್ದರೂ ಇವರ ಪಾಲಿಗೆ ಬಂದಿರಲಿಲ್ಲ. ಅದಕ್ಕೇ ತಮ್ಮ ಕೈಲಾದದ್ದನ್ನು ತಾವೇ ಮಾಡಿಕೊಂಡಿದ್ದರು. ಕೊಂಚ ದಪ್ಪನೆಯ ಟೈರು ಹಾಕಿದ್ದರು. ಕಲ್ಲು ಬಡಿಯದಿರಲೆಂದು ಎಂಜಿನ್ನಿನ ಕೆಳಗೆ ದಪ್ಪ ತಗಡು ಕೂರಿಸಿದ್ದರು. ಮುಖ್ಯವಾಗಿ, ಯಶವಂತಪುರದಲ್ಲಿ ಲಾರಿಗಳಿಗೆ ಮಾಡುವಂತೆ ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಸ್ಪ್ರಿಂಗಿನ ಕಮಾನಿಗೆ ಹೆಚ್ಚಿಗೆ ಉಕ್ಕಿನ ಪಟ್ಟೆಗಳನ್ನು ಸೇರಿಸಿ ಎತ್ತರಿಸಿದ್ದರು. ಖಾಲಿ ನಿಂತಾಗ ಹಿಂಭಾಗ ಮೇಲೆ, ಮುಂಭಾಗ ಕೆಳಗೆ, ಕಾಳು ಹೆಕ್ಕುವ ಕೋಳಿಯ ಹಾಗೆ ಕಾಣುತ್ತಿತ್ತು.

"ಎಷ್ಟು ಭಾರ ಹಾಕಿದ್ರೂ ಕೂರಲ್ಲ ನೋಡು ಈಗ" ಎಂದು ಹಿಂಭಾಗವನ್ನು ಕೈಯಿಂದ ಒತ್ತಿ ತೋರಿಸಿದರು. ಅದು ನಿಜವಾಗಿಯೂ ಕೂರಲಿಲ್ಲ.

"ಬ್ರೇಕು?" ಎಂದೆ. ನನಗೆ ಗೊತ್ತಿದ್ದ ಒಂದೇ ಭಾಗ ಅದು.

"ಬ್ರೇಕ್ ಇದೆ ಕಣೇ, ಬ್ರೇಕ್ ಇಲ್ದೆ ಗಾಡಿ ಇರುತ್ತಾ?" ಎಂದು ನಕ್ಕರು.

ನಮ್ಮ ಮನೆಯಲ್ಲಿ ಹೆದರುವ ಕೆಲಸ ನನ್ನದು, ಧೈರ್ಯ ಹೇಳುವ ಕೆಲಸ ಅವರದು. ಮದುವೆಯಾದಾಗಿನಿಂದ ಅದೇ ನಡೆದು ಬಂದಿತ್ತು. ಮಗಳಿಗೆ ಜ್ವರ ಏರಿದಾಗ, ಮನೆ ಮಾಲೀಕ ಬಾಗಿಲಿಗೆ ಬಂದಾಗ, ಮಳೆಗಾಲದಲ್ಲಿ ಹಾವು ಬಚ್ಚಲಿಗೆ ನುಗ್ಗಿದಾಗ ನಾನು ನಡುಗುವುದು, ಇವರು ಏನಾಗಲ್ಲ ಬಿಡು ಎನ್ನುವುದು. ಇವರು ಹೆದರಿದ್ದನ್ನು ನಾನು ಕಂಡೇ ಇರಲಿಲ್ಲ.

ಒಣಹೊಳೆ

ನಮ್ಮಲ್ಲಿ ಹೊಳೆಯೆಂದರೆ ನೀರು. ಅಲ್ಲಿ ಹೊಳೆಯೆಂದರೆ ಉರುಟು ಕಲ್ಲು. ಎರಡು ಗುಡ್ಡಗಳ ನಡುವೆ ಬರಿಯ ಬಿಳಿ ಕಲ್ಲಿನ ಪಾತ್ರ, ಅದೇ ನಾವು ನೋಡಬೇಕಿದ್ದ ಮೂರು ದಾರಿಗಳಲ್ಲಿ ಮೊದಲನೆಯದು. ಅದರೊಳಗೆ ಗಾಡಿ ಇಳಿಸಿದಾಗ ಇವರು ಎದುರಿನ ದಾರಿ ನೋಡುವುದಕ್ಕಿಂತ ಹೆಚ್ಚಾಗಿ ದೂರದ ಗುಡ್ಡಗಳ ತಲೆ ನೋಡುತ್ತಿದ್ದರು. ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ.

"ಇಲ್ಲಿ ಬಿಸಿಲಿದ್ರೂ ಅಲ್ಲಿ ಮಳೆ ಆಗಿರುತ್ತೆ. ನೀರು ಒಂದೇ ಸಲ ಬರುತ್ತೆ. ಗೋಡೆ ಥರ."

"ಬಂದ್ರೆ?"

"ಬರಲ್ಲ ಬಿಡು, ಮೋಡ ಇಲ್ವಲ್ಲ."

ಅಲ್ಲಿಂದ ಮುಂದೆ ನಾನು ಬೇರೇನೂ ನೋಡಲಿಲ್ಲ. ಕತ್ತು ನೋಯುವವರೆಗೆ ಮೋಡ ಹುಡುಕಿದೆ. ಒಂದು ಗುಂಡಿಯಲ್ಲಿ ಉಳಿದ ಮೊಣಕಾಲುದ್ದ ನೀರಿನಲ್ಲಿ ಒಬ್ಬಾತ ತನ್ನ ಕಾರನ್ನು ನಿಲ್ಲಿಸಿಕೊಂಡು, ಎಮ್ಮೆ ಮೈ ತೊಳೆಯುವ ಹಾಗೆ ನಿಧಾನವಾಗಿ ತೊಳೆಯುತ್ತಿದ್ದ. ನಮ್ಮನ್ನು ಕಂಡು ಕೈ ಎತ್ತಿದ. ಆ ಗೋಡೆಯಂಥ ನೀರಿನ ಯೋಚನೆ ಅವನಿಗೆ ಇದ್ದಂತಿರಲಿಲ್ಲ.

ದಾರಿ ಅಳೆಯುವುದಕ್ಕೆ ಇವರದೇ ಒಂದು ಕ್ರಮವಿತ್ತು. ದೊಡ್ಡ ಕಲ್ಲು ಎದುರಾದರೆ ಗಾಡಿ ನಿಲ್ಲಿಸಿ ಇಳಿದು, ಕೈ ಚಾಚಿ ಗೇಣು ಹಾಕುವುದು. ಗಾಡಿಯ ಹೊಟ್ಟೆಯ ಕೆಳಗಿನ ಜಾಗ ಒಂದು ಗೇಣಿನ ಮೇಲೆ ನಾಲ್ಕು ಬೆರಳು. ಕಲ್ಲು ಅದಕ್ಕಿಂತ ತಗ್ಗಿದ್ದರೆ ಅದರ ಮೇಲೆಯೇ ಹೋಗುವುದು, ಎತ್ತರವಿದ್ದರೆ ಬಳಸಿ ಹೋಗುವುದು. ದಾರಿಯ ಅಗಲ ತಿಳಿಯಬೇಕಾದರೆ ಎರಡೂ ಕೈ ಚಾಚಿ ಮಾರು ಹಾಕಿ ನೋಡುವುದು. ಹೂವು ಅಳೆದು ಮಾರುವವರ ಹಾಗೆ ಇವರು ಆ ಸುಡುವ ಕಲ್ಲುಗಳ ಮೇಲೆ ಬಗ್ಗಿ ಅಳೆಯುವಾಗ, ಒಳಗೆ ಒಬ್ಬಳೇ ಕೂತ ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಹೊಳೆ ದಾಟಿ ದಡ ಹತ್ತಿದಾಗ, "ಈ ದಾರಿ ಆಗುತ್ತೆ" ಎಂದರು.

ಖರ್ಜೂರದ ತೋಟಗಳ ಓಣಿ

ಎರಡನೆಯದು ಮಣ್ಣಿನ ಗೋಡೆಗಳ ನಡುವಿನ ಓಣಿ. ಎರಡೂ ಕಡೆ ಖರ್ಜೂರದ ತೋಟ, ಪಕ್ಕದಲ್ಲೇ ಹರಿಯುವ ತೆಳ್ಳಗಿನ ಕಾಲುವೆ. ನೆರಳಿದ್ದದ್ದರಿಂದ ನನಗೆ ಮೊದಲ ಬಾರಿಗೆ ಉಸಿರು ಸರಿಯಾಗಿ ಆಡಿತು. ಅಷ್ಟರಲ್ಲಿ ಗಾಡಿ ಸಿಕ್ಕಿಕೊಂಡಿತು. ಈ ಕಡೆಯ ಕನ್ನಡಿ ಒಂದು ಗೋಡೆಗೆ, ಆ ಕಡೆಯ ಕನ್ನಡಿ ಇನ್ನೊಂದು ಗೋಡೆಗೆ. ಬಾಗಿಲು ತೆರೆಯಲೂ ಜಾಗವಿಲ್ಲ. ಗೋಡೆಯ ಮಣ್ಣು ಒಂದು ಹೆಂಟೆ ಉದುರಿತು.

ಯಾರದೋ ತೋಟದ ಗೋಡೆ ಕೆಡವಿದೆವು, ಈಗ ಕೋಲು ಹಿಡಿದು ಬರುತ್ತಾರೆ ಎಂದು ನಾನು ಸೆರಗು ಬಿಗಿ ಮಾಡಿದೆ. ನಮ್ಮ ಆರ್.ಟಿ. ನಗರದಲ್ಲಿ ಒಬ್ಬರ ಕಾಂಪೌಂಡಿಗೆ ಸೈಕಲ್ಲು ಒರಗಿಸಿದರೆ ಬೀದಿಯೆಲ್ಲ ಸೇರುತ್ತದೆ. ತೋಟದ ಯಜಮಾನ ಬಂದ. ಬಿಳಿ ನಿಲುವಂಗಿ, ನರೆತ ಗಡ್ಡ. ಗೋಡೆಯನ್ನು ನೋಡಲೇ ಇಲ್ಲ. ನಮ್ಮನ್ನು ಕಿಟಕಿಯಿಂದ ಹೊರಗೆ ಬರಲು ಹೇಳಿ, ನೆರಳಲ್ಲಿ ಚಾಪೆ ಹಾಸಿದ. ಗಾಡಿ ಓಣಿಯಲ್ಲೇ ಇತ್ತು. ಆ ವಿಷಯವನ್ನು ಮಾತಿಗೇ ತರದೆ ಖರ್ಜೂರ ತಂದಿಟ್ಟ.

ನಾನು ಸೀರೆಯಲ್ಲಿ ಪಿಕಪ್ಪಿನ ಕಿಟಕಿಯಿಂದ ಹೇಗೆ ಹೊರಬಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಕಾಫಿ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಘಮ. ಒಂದು ಗುಟುಕಿನಲ್ಲಿ ಮುಗಿಯಿತು. ಮನೆಯ ಹುಡುಗಿ ಮತ್ತೆ ಸುರಿದಳು. ಬಿಡಬಾರದು ಎಂದು ಕುಡಿದೆ. ಮತ್ತೆ ಸುರಿದಳು. ಸಾಕು ಎಂದು ಕನ್ನಡದಲ್ಲಿ ಹೇಳಿದೆ, ತಲೆ ಅಲ್ಲಾಡಿಸಿದೆ, ಕೈ ಮುಗಿದೆ. ಅವಳು ನಗುತ್ತಾ ಸುರಿಯುತ್ತಲೇ ಇದ್ದಳು. ನನ್ನ ಎದೆ ಡವಡವ ಎನ್ನತೊಡಗಿತು. ಇಷ್ಟು ದೂರ ಬಂದು ಕಾಫಿ ಕುಡಿದು ಸಾಯುತ್ತೇನಲ್ಲ ಎಂದುಕೊಂಡೆ.

"ಬಟ್ಟಲನ್ನ ಅಲ್ಲಾಡಿಸೇ, ಅಲ್ಲಾಡಿಸಿದ್ರೆ ಸಾಕು ಅಂತ ಅರ್ಥ" ಎಂದರು ಇವರು ಕೊನೆಗೆ. ಮೊದಲೇ ಹೇಳಬಾರದಿತ್ತೇ ಎಂದು ನಾನು ಕಣ್ಣು ಬಿಟ್ಟು ನೋಡಿದೆ.

ಕನ್ನಡಿಗಳನ್ನು ಬಿಚ್ಚಿ, ಗಾಡಿಯನ್ನು ಬೆರಳಗಲ ಬೆರಳಗಲ ಹಿಂದೆ ತೆಗೆದು, ನೇರ ಮಾಡಿಕೊಂಡು ಮತ್ತೆ ಮುಂದೆ ಹೋದೆವು. "ಕನ್ನಡಿ ಬಿಚ್ಚಿಟ್ಟು ಬಂದ್ರೆ ಇದೂ ಆಗುತ್ತೆ" ಎಂದರು. ಉಳಿದದ್ದು ಬೆಟ್ಟದ ದಾರಿ ಒಂದೇ.

ಬೆಟ್ಟದ ಬುಡ

ಬುಡದಲ್ಲಿ ಜಾಲಿಯಂಥದೊಂದು ಮುಳ್ಳಿನ ಮರ. ಅದರ ಕೆಳಗೆ ಕೆಲವರು ಕಾಯುತ್ತಿದ್ದರು. ಮುಖಕ್ಕೆ ಕಪ್ಪು ಮುಸುಕು ಹಾಕಿದ ಒಬ್ಬ ಮುದುಕಿ, ಇಬ್ಬರು ಗಂಡಸರು, ಅವರ ಹಿಟ್ಟಿನ ಮೂಟೆಗಳು, ಒಂದು ಮೇಕೆ. ಗಾಡಿ ಕಂಡದ್ದೇ ಎಲ್ಲರೂ ಎದ್ದು ಬಟ್ಟೆ, ಮೂಟೆ ಸರಿಮಾಡಿಕೊಂಡು ಬಂದರು. ಕೇಳುವ, ಬೇಡುವ ರೀತಿಯೇ ಇಲ್ಲ. ಮೇಲೆ ಹೋಗುವ ಗಾಡಿಗೆ ಹತ್ತುವುದು ಅಲ್ಲಿನ ವಾಡಿಕೆ. ಒಬ್ಬ ಆಗಲೇ ಮೂಟೆಯನ್ನು ಹಿಂದೆ ಇಟ್ಟಿದ್ದ.

ಇವರು ಇಳಿದು ಎದೆಗೆ ಕೈ ಇಟ್ಟುಕೊಂಡು, ತಮಗೆ ಬರುವ ಅಷ್ಟಿಷ್ಟು ಅರಬ್ಬಿಯಲ್ಲಿ ಆಗದು ಎಂದರು. ಮೂಟೆಯನ್ನು ತಾವೇ ಇಳಿಸಿ ಕೊಟ್ಟರು. ಅವರಿಗೆ ಸಿಟ್ಟು ಬರಲಿಲ್ಲ. ಅರ್ಥವಾಗದವರ ಹಾಗೆ ನಿಂತರು. ಮುದುಕಿ ಕಿಟಕಿಯ ಹತ್ತಿರ ಬಂದು ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿದೆ.

"ಪಾಪ, ಕೂರಿಸ್ಕೋಬಹುದಿತ್ತಲ್ರೀ" ಎಂದೆ, ಗಾಡಿ ಹೊರಟ ಮೇಲೆ.

"ಏರು ಕಣೇ ಇದು. ನಮ್ಮ ನಂದಿಬೆಟ್ಟದ ಏರಲ್ಲೇ ಮೆಟಡೋರಿನವರು ಎಲ್ರನ್ನೂ ಇಳಿಸಿ ನಡೆಸ್ತಿರ್ಲಿಲ್ವಾ? ಹಗುರ ಇದ್ದಷ್ಟೂ ಒಳ್ಳೇದು."

ನನಗೂ ಅದು ಸರಿ ಎನಿಸಿತು. ಯಲಹಂಕ ದಾಟಿ ನಂದಿಗೆ ಹೋದಾಗಲೆಲ್ಲ ನಾವು ಹಾಗೆ ಇಳಿದು ನಡೆದವರೇ. ಏರು ಬಂದರೆ ಭಾರ ಇಳಿಸಬೇಕು ಎಂಬುದು ನಮ್ಮ ರಕ್ತದಲ್ಲೇ ಇದೆ. ಎತ್ತಿನ ಗಾಡಿಯಾದರೂ ಅಷ್ಟೆ, ಮುದಿ ಬಸ್ಸಾದರೂ ಅಷ್ಟೆ.

ತಿರುವು

ಆ ದಾರಿಯನ್ನು ಹೇಗೆ ವಿವರಿಸಲಿ? ಬೆಟ್ಟದ ಮೈಯನ್ನು ಕೆರೆದು ಒಂದು ಗಾಡಿಯಷ್ಟೇ ಅಗಲ ಮಾಡಿದ್ದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ತಡೆಗೋಡೆಯಿಲ್ಲ, ಕಲ್ಲು ಕಂಬವಿಲ್ಲ, ಕೈ ಹಿಡಿಯಲು ಒಂದು ಗಿಡವೂ ಇಲ್ಲ. ನಾನಿದ್ದದ್ದು ಆ ಏನೂ ಇಲ್ಲದ ಕಡೆ. ಕಿಟಕಿಯಿಂದ ಕೆಳಗೆ ನೋಡಿದರೆ ದಾರಿಯ ಅಂಚೇ ಕಾಣುತ್ತಿರಲಿಲ್ಲ. ನಾವು ಈಗಷ್ಟೇ ದಾಟಿದ ತೋಟಗಳು ಅಂಗೈಯಗಲ ಹಸಿರಾಗಿ ಕೆಳಗೆ ಬಿದ್ದಿದ್ದವು. ಮಗಳ ಹೆಸರನ್ನು ಒಂದು ಸಲ ಮನಸ್ಸಿನಲ್ಲಿ ಕರೆದೆ, ಮತ್ತೆ ಕರೆಯಲು ಧೈರ್ಯ ಬರಲಿಲ್ಲ.

ಚೂಪಾದ ತಿರುವೊಂದರಲ್ಲಿ ಸಡಿಲ ಜಲ್ಲಿಯ ಮೇಲೆ ಹಿಂದಿನ ಚಕ್ರಗಳು ಗರಗರ ತಿರುಗಿದವು. ಗಾಡಿ ಮುಂದೆ ಹೋಗಲಿಲ್ಲ. ಇವರು ಬ್ರೇಕು ಒತ್ತಿ ಹಿಡಿದರು.

"ಇಳಿ ಲಲಿತಾ. ನೀನಿಳಿದ್ರೆ ಇನ್ನಷ್ಟು ಹಗುರಾಗುತ್ತೆ. ಬಂಡೆ ಕಡೆ ನಿಂತ್ಕೋ."

ಇವರ ಸೀಟನ್ನು ದಾಟಿ, ಇವರ ಬಾಗಿಲಿನಿಂದ ಇಳಿದೆ. ಬಂಡೆಗೆ ಬೆನ್ನು ಒತ್ತಿ ನಿಂತೆ. ಇವರು ಮತ್ತೆ ಆಕ್ಸಿಲರೇಟರ್ ಒತ್ತಿದರು. ಖಾಲಿ ಗಾಡಿಯ ಹಿಂಭಾಗ ಕುಪ್ಪಳಿಸಿತು. ಎತ್ತರಿಸಿದ ಆ ಕಮಾನುಗಳು ಗಾಡಿಯನ್ನು ಮೇಲಕ್ಕೆ ಎಸೆಯುತ್ತಿದ್ದವು. ಚಕ್ರ ನೆಲಕ್ಕೆ ತಾಗುವುದು, ಜಾರುವುದು, ಮತ್ತೆ ಕುಪ್ಪಳಿಸುವುದು. ಒಮ್ಮೆ ಕುಪ್ಪಳಿಸಿದಾಗ ಹಿಂಭಾಗ ಪಕ್ಕಕ್ಕೆ ಸರಿಯಿತು, ಅಂಚಿನ ಕಡೆಗೆ. ಆಮೇಲೆ ಇಡೀ ಗಾಡಿ ಹಿಂದಕ್ಕೆ ಜಾರಿತು.

ಗಾಡಿ ನಿಂತಾಗ ಹಿಂದಿನ ಒಂದು ಚಕ್ರದ ಅರ್ಧ ಭಾಗ ದಾರಿಯ ಹೊರಗಿತ್ತು. ಅದರಡಿಯಿಂದ ಜಲ್ಲಿ ಉದುರುತ್ತಿತ್ತು. ಅದು ಕೆಳಗೆ ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ.

"ಇಳೀರಿ, ಬಿಟ್ಟು ಇಳೀರಿ" ಎಂದೆ. ನಾನು ಹೇಳಿದೆನೋ, ಬರಿಯ ತುಟಿ ಅಲ್ಲಾಡಿತೋ ತಿಳಿಯದು.

"ಬ್ರೇಕ್ ಬಿಟ್ರೆ ಹೋಗುತ್ತೆ" ಎಂದರು ಇವರು. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು, ಕಣ್ಣು ನೇರ ಮುಂದೆ.

ನಾನು ಕೂತುಕೊಂಡು, ಕೂತೇ ಸರಿಯುತ್ತಾ ಹೋಗಿ, ಸಿಕ್ಕಿದ ಕಲ್ಲುಗಳನ್ನು ಒಳಗಿನ ಚಕ್ರದ ಹಿಂದೆ ತಳ್ಳಿದೆ. ಅಂಗೈ ಕಿತ್ತು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಹೊರಗಿನ ಚಕ್ರದ ಹತ್ತಿರ ಹೋಗಲು ನನ್ನಿಂದ ಆಗಲಿಲ್ಲ. ಗಂಡ ಒಳಗಿದ್ದರೂ ಆಗಲಿಲ್ಲ.

ಅಷ್ಟು ಹೊತ್ತಿಗೆ ಕಾಲುದಾರಿಯಲ್ಲಿ ಮೇಕೆಯ ಗಂಟೆ ಕೇಳಿಸಿತು. ನಾವು ಬಿಟ್ಟು ಬಂದವರು ಅಡ್ಡದಾರಿ ಹತ್ತಿ ಅಲ್ಲಿಗೆ ಬಂದಿದ್ದರು. ಗಂಡಸರಲ್ಲೊಬ್ಬ ಹೊರಗಿನ ಚಕ್ರಕ್ಕೂ ಕಲ್ಲು ಕೊಟ್ಟ. ನಿಂತ ಗಾಡಿಯನ್ನು ಕಂಡು, ಈಗಲಾದರೂ ಕರೆದೊಯ್ಯುತ್ತಾರೆ ಎಂದುಕೊಂಡರೋ ಏನೋ, ಒಂದು ಮಾತಿಲ್ಲದೆ ಮೂಟೆ ಎಸೆದು, ಮೇಕೆ ಎತ್ತಿಹಾಕಿ ಒಬ್ಬೊಬ್ಬರೇ ಹಿಂದೆ ಹತ್ತಿದರು.

"ಅಯ್ಯೋ, ಬೇಡ" ಎಂದು ಇವರು ಕತ್ತು ತಿರುಗಿಸಿದರು. ಅಷ್ಟರಲ್ಲಿ ಗಾಡಿಯ ಹಿಂಭಾಗ ಮೆಲ್ಲಗೆ ಕೂತಿತು. ಚಕ್ರಗಳು ಜಲ್ಲಿಯೊಳಗೆ ಊರಿಕೊಂಡವು. ಇವರ ಮಾತು ಅಲ್ಲೇ ನಿಂತಿತು. ಲಾರಿಗೆ ಹಾಕುವ ಪಟ್ಟೆಗಳನ್ನು ಲಾರಿಯ ಭಾರವಿಲ್ಲದ ಗಾಡಿಗೆ ತಾವು ಹಾಕಿದ್ದು, ಅದನ್ನೂ ಖಾಲಿ ಮಾಡಿಕೊಂಡು ಬಂದದ್ದರಿಂದಲೇ ಚಕ್ರ ನೆಲ ಹಿಡಿಯಲಿಲ್ಲ ಎಂಬುದು ಇವರಿಗೆ ಆಗ ಹೊಳೆದಿರಬೇಕು.

"ನೀನೂ ಹತ್ತು" ಎಂದರು. "ಒಳಗಲ್ಲ. ಹಿಂದೆ."

ಮುದುಕಿ ಕೈ ಚಾಚಿದಳು. ನಾನು ಹಿಡಿದುಕೊಂಡೆ. ಮೂಟೆಗಳ ನಡುವೆ ಕುಕ್ಕರುಗಾಲಲ್ಲಿ ಕೂತಾಗ ಅವಳು ನನ್ನ ಮುಂಗೈಯನ್ನು ಬಿಡಲಿಲ್ಲ. ಗಾಡಿ ಒಮ್ಮೆ ನರಳಿತು, ಆಮೇಲೆ ಹತ್ತಿತು.

ಮೇಲಿನ ಹಳ್ಳಿ

ಬಂಡೆಗೆ ಅಂಟಿಕೊಂಡ ಕೆಲವು ಮನೆಗಳು, ದಾಳಿಂಬೆ ಗಿಡಗಳು, ಬಾವಿ, ಕೆಟ್ಟು ನಿಂತ ಪಂಪು. ಇವರು ಪಂಪು ಬಿಚ್ಚಿ ಸರಿಮಾಡುವವರೆಗೆ ನಾನು ಮುದುಕಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅವಳು ನನ್ನ ಅಂಗೈ ತೊಳೆದು ಏನೋ ಎಣ್ಣೆ ಹಚ್ಚಿದಳು. ನೀರು ಬಂದಾಗ ಊರಿನವರು ನಕ್ಕರು. ಇವರೂ ನಕ್ಕರು, ಆದರೆ ನನ್ನ ಕಡೆ ನೋಡಲಿಲ್ಲ.

"ಇನ್ಮೇಲೆ ಒಬ್ರೇ ಬರ್ತೀರಲ್ಲ, ಆಗ?" ಎಂದು ಕೇಳಿದೆ.

"ಮರದ ಕೆಳಗೆ ಜನ ಇರ್ತಾರಲ್ಲ."

"ಇಳಿಯೋವಾಗ?"

ಅಂದು ಕೆಳಗೆ ಹೋಗುವವರು ಯಾರೂ ಇರಲಿಲ್ಲ. ಊರಿನವರು ಸೇರಿ ಗಾಡಿಯ ಹಿಂದೆ ಕಲ್ಲು ತುಂಬಿಸಿಕೊಟ್ಟರು. ಕಲ್ಲುಗಳು ಉರುಳುತ್ತವೆಯೇ, ಜಾರುತ್ತವೆಯೇ ಎಂದು ನೋಡುತ್ತಾ ಇರಲು ಒಬ್ಬರು ಬೇಕಿತ್ತು. ಯಾರೂ ಹೇಳುವ ಮೊದಲೇ ನಾನು ಹೋಗಿ ಕಲ್ಲುಗಳ ಮೇಲೆ ಕೂತೆ. ಧೈರ್ಯ ಬಂದಿತ್ತೆಂದು ಅಲ್ಲ. ಒಳಗೆ ಕೂತು ಹಿಂದೇನಾಗುತ್ತಿದೆ ಎಂದು ತಿಳಿಯದಿರುವುದಕ್ಕಿಂತ ಅದೇ ವಾಸಿ ಎನಿಸಿತ್ತು.

ಇಳಿಯುವಾಗ ಹಿಂದಿನ ಗಾಜಿನಿಂದ ನನಗೆ ಕಾಣುತ್ತಿದ್ದದ್ದು ಇವರ ಕತ್ತು ಮತ್ತು ಭುಜ. ಷರಟು ಬೆನ್ನಿಗೆ ಅಂಟಿತ್ತು. ಅದೇ ತಿರುವು ಬಂದಾಗ ಗಾಡಿ ನಿಂತಿತು. ಯಾಕೆ ನಿಂತಿತು ಎಂದು ಬಗ್ಗಿ ನೋಡಿದೆ. ಇವರ ಭುಜಗಳು ಅದುರುತ್ತಿದ್ದವು. ಚಳಿಜ್ವರ ಬಂದವರ ಹಾಗೆ, ನಿಲ್ಲಿಸಲಾಗದ ಹಾಗೆ. ಆ ದಿನವಿಡೀ ನಾನು ಕಂಡ ಭಯವೆಲ್ಲ ಒಂದು ತೂಕ, ಇದೊಂದು ತೂಕ. ಇವರೂ ಹೆದರಿದರೆ ನಮಗೆ ಧೈರ್ಯ ಹೇಳುವವರು ಯಾರು ಎಂದುಕೊಂಡೆ.

ಗಾಜನ್ನು ಬೆರಳಿನಿಂದ ತಟ್ಟಿದೆ. ತಿರುಗಲಿಲ್ಲ. ಮತ್ತೆ ತಟ್ಟಿದೆ.

"ನಾನಿದ್ದೀನಿ. ಕಲ್ಲು ಸರಿಯಾಗಿದೆ. ನಿಧಾನಕ್ಕೆ ಬಿಡಿ" ಎಂದೆ. ನನ್ನ ದನಿ ನನಗೇ ಬೇರೆಯವರ ದನಿಯ ಹಾಗೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಗಾಡಿ ಚಲಿಸಿತು. ಬುಡದ ಮರ ಮುಟ್ಟುವವರೆಗೂ ನಾನು ಗಾಜು ತಟ್ಟುತ್ತಲೇ ಇದ್ದೆ.

ಆಫೀಸು

ಅಂದು ಸಂಜೆ ಇವರು ನನ್ನನ್ನು ಏನೂ ಕೇಳಲಿಲ್ಲ. ಬೇಡ ಎಂಬ ಮಾತು ಬಾಯಿಯ ತುದಿಯಲ್ಲಿತ್ತು. ಆದರೆ ಅನ್ನದ ತಟ್ಟೆಯ ಮುಂದೆ ಕೈ ತೊಳೆಯದೆ ಕೂತವರ ಮುಂದೆ ಅದನ್ನು ಆಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರು ನನ್ನನ್ನೂ ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಮಂಗಳೂರಿನ ಕಡೆಯವರು, ಒಳ್ಳೆಯ ಮನುಷ್ಯ.

"ಒಣಹೊಳೆ ಹೇಗುಂಟು?"

"ಆಗುತ್ತೆ ಸಾರ್."

"ತೋಟದ ದಾರಿ?"

"ಅದೂ ಆಗುತ್ತೆ."

"ಬೆಟ್ಟ?"

ಆಗುತ್ತದೆ ಎಂದುಬಿಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಹಾಗೆಂದರೆ ಅಲ್ಲಿಯೇ ಎದ್ದು ಬೇಡ ಎನ್ನಬೇಕು ಎಂದು ಕುರ್ಚಿಯ ಕೈ ಹಿಡಿದುಕೊಂಡೆ.

"ಗಾಡಿ ಹತ್ತುತ್ತೆ ಸಾರ್. ಹಿಂದೆ ಭಾರ ಇದ್ರೆ ಹತ್ತುತ್ತೆ, ಇಳಿಯುತ್ತೆ" ಎಂದರು ಇವರು. ಆಮೇಲೆ ನೆಲ ನೋಡುತ್ತಾ, "ನನ್ನ ಕೈಲಾಗಲ್ಲ. ನಂಗೆ ಭಯ ಆಗುತ್ತೆ" ಎಂದರು.

ಮ್ಯಾನೇಜರು ಚಹಾದ ಲೋಟ ಕೆಳಗಿಟ್ಟರು. "ಎಂತದು ಮಾರಾಯ್ರೇ, ಗಾಡಿ ಹೋಗುದಿಲ್ಲ ಅಂತ ಹೇಳಿ ಸಾಕು. ನಾನು ಮೇಲಿನ ಆಫೀಸರುಗಳಿಗೆ ಹಾಗೇ ಹೇಳ್ತೇನೆ. ನಿಮ್ಮ ಹೆಸರು ಯಾಕೆ ಹಾಳು ಮಾಡ್ಕೊಳ್ತೀರಿ?"

"ಗಾಡಿ ಹೋಗುತ್ತಲ್ಲ ಸಾರ್" ಎಂದರು ಇವರು. "ಮೇಲೆ ಜನ ಇದ್ದಾರೆ. ಹೋಗಲ್ಲ ಅಂದ್ಬಿಟ್ರೆ ಇನ್ಯಾರನ್ನೂ ಕಳಿಸಲ್ಲ ನೀವು. ಇಬ್ಬರು ಜೊತೆಯಾಗಿ ಹೋಗೋರನ್ನ ಕಳ್ಸಿ."

ಎರಡು ವರ್ಷದ ಮಾತು ಇನ್ನು ಕಷ್ಟ ಎಂದು ಹೇಳುವಾಗ ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

ಹೊರಗೆ ಬಂದು ಗಾಡಿ ಹತ್ತಿ ಕೂತೆವು. ಇವರು ಬೀಗದ ಕೈಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಮನೆ ಕಟ್ಟೋದು ಆಗಲ್ವಲ್ಲ ಲಲಿತಾ, ಅಮ್ಮನಿಗೆ ಏನ್ ಹೇಳೋದು?"

"ನಾನ್ ಹೇಳ್ತೀನಿ, ಬಿಡಿ" ಎಂದೆ.

ಆಫೀಸಿನಿಂದ ನಾವು ಉಳಿದಿದ್ದ ಕಂಪನಿಯ ಶಿಬಿರದವರೆಗೆ ಹೊಸ ಟಾರು ರಸ್ತೆ. ಏರಿಲ್ಲ, ತಿರುವಿಲ್ಲ, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ಇವರು ಆ ರಸ್ತೆಯುದ್ದಕ್ಕೂ ಎರಡನೇ ಗೇರಿನಲ್ಲೇ ಓಡಿಸಿದರು. ನಾನು ಪಕ್ಕದ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಕೂತೆ.